ಹೊಸ್ತಿಲ ಮುಂದೆ ಒಂಟಿ ಕಾಲಿನಲ್ಲಿ

ವಯಸ್ಸಾದಂತೆ ಮರೆವು ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದು ಅರ್ಧ ಸತ್ಯ. ಕನ್ನಡಕ ಎಲ್ಲಿಟ್ಟೆ, ಮಧ್ಯಾಹ್ನದ ಗುಳಿಗೆ ನುಂಗಿದೆನೋ ಇಲ್ಲವೋ, ಎದುರುಮನೆಯವರ ಎರಡನೆಯ ಅಳಿಯನ ಹೆಸರೇನು ಎಂಬಂಥವೆಲ್ಲ ನನ್ನನ್ನು ಬಿಟ್ಟು ಹೋಗಿವೆ, ಹೋಗಲಿ. ಆದರೆ ಯಾರು, ಎಲ್ಲಿ, ಯಾವ ಧ್ವನಿಯಲ್ಲಿ ನನ್ನ ಮರ್ಯಾದೆಗೆ ಕೈಹಾಕಿದರು ಎಂಬುದು ಮಾತ್ರ ಶಾಸನದಂತೆ ಉಳಿದಿದೆ. ಅದರಲ್ಲಿಯೂ ಒಂದು ತಾರತಮ್ಯ ಉಂಟು. ಬೈದವರನ್ನು ನಾನು ಕ್ಷಮಿಸಬಲ್ಲೆ. ಬೈಯುವವನು ಎದುರಿನವನಿಗೆ ತಿರುಗಿ ಬೈಯುವ ಶಕ್ತಿ ಇದೆ ಎಂದು ಒಪ್ಪಿಕೊಂಡೇ ಬೈಯುತ್ತಾನೆ. ನಾನು ಕ್ಷಮಿಸಲಾರದವರು ಮೊಣಕೈ ಹಿಡಿಯುವವರು. ನಾವು ನಮ್ಮ ಪಾಡಿಗೆ ಮೆಟ್ಟಿಲು ಇಳಿಯುತ್ತಿರುವಾಗ ಹಿಂದಿನಿಂದ ಸದ್ದಿಲ್ಲದೆ ಬಂದು, ಗಾಜಿನ ಸಾಮಾನು ಎತ್ತಿದ ಹಾಗೆ ಮೊಣಕೈಯನ್ನು ಎರಡು ಬೆರಳಿನಲ್ಲಿ ಹಿಡಿದು, "ನಿಧಾನ್ರೀ ಅಜ್ಜಾರ" ಎನ್ನುತ್ತಾರಲ್ಲ, ಅವರು.

ದುಂಡಸಿಯಿಂದ ಶಿಗ್ಗಾವಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರನೊಬ್ಬ ನಾನು ಇಳಿಯುವಾಗ ಡ್ರೈವರನಿಗೆ, "ಬಿಡಬ್ಯಾಡೋ, ಹಳೇ ಸಾಮಾನು ಇಳ್ಯಾಕತ್ತೈತಿ" ಎಂದು ಕೂಗಿದ್ದ. ಅವನ ಮೀಸೆಯ ಆಕಾರ ಇಂದಿಗೂ ನನ್ನ ಕಣ್ಣ ಮುಂದಿದೆ. ಹಿರೇಕೆರೂರಿನಲ್ಲಿ ಬೀಗರ ಪೈಕಿಯ ಒಂದು ಮದುವೆ. ಪಂಕ್ತಿಯಲ್ಲಿ ಎಲ್ಲರೊಂದಿಗೆ ಚಾಪೆಯ ಮೇಲೆ ಕೂರಲು ನಾನು ಮೊಣಕಾಲು ಮಡಿಸಿಯಾಗಿತ್ತು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಪಂಕ್ತಿಯ ನಡುವೆ ಇಟ್ಟು ನನ್ನನ್ನು ಅದರ ಮೇಲೆ ಕೂರಿಸಿದರು. ಎಲೆ ಕೆಳಗೆ, ನಾನು ಮೇಲೆ. ಬಡಿಸುವವರಿಗೆ ನಾನು ಉಣ್ಣಲು ಬಂದವನೋ ಮೇಲ್ವಿಚಾರಣೆಗೆ ಬಂದವನೋ ತಿಳಿಯದೆ, ಹೋಳಿಗೆ ನನ್ನನ್ನು ಬಳಸಿ ಮುಂದಕ್ಕೆ ಹೋಯಿತು. ಆ ಹೋಳಿಗೆಯನ್ನೂ ನಾನು ಮರೆತಿಲ್ಲ.

ನಾನು ಸುಮ್ಮನೆ ಸಿಡಿಮಿಡಿಗೊಳ್ಳುವವನು ಎಂದು ಓದುಗರು ಭಾವಿಸಬಾರದು. ಸರ್ವೇ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ಹಾನಗಲ್ಲಿನ ಭತ್ತದ ಗದ್ದೆಗಳ ನಡುವೆ ಅಂಗೈಯಗಲದ ಬದುಗಳ ಮೇಲೆ, ಒಂದು ಕೈಯಲ್ಲಿ ನಕ್ಷೆ, ಮತ್ತೊಂದರಲ್ಲಿ ಅಳತೆಯ ಸರಪಳಿ ಹಿಡಿದು, ಎರಡೂ ಬದಿಯಲ್ಲಿ ದಾಯಾದಿಗಳು ಬೈದಾಡುತ್ತಿರುವಾಗ ನೆಟ್ಟಗೆ ನಡೆದವನು. ಅವರಲ್ಲಿ ಎಷ್ಟೋ ಜನ ಕೆಸರಿಗೆ ಬಿದ್ದರು, ನಾನು ಬೀಳಲಿಲ್ಲ. ಹೀಗಿರುವಾಗ ನನ್ನದೇ ಮನೆಯ ಪಡಸಾಲೆಯಲ್ಲಿ ನನ್ನ ಸಮತೋಲನದ ಮೇಲೆ ಸಂಶಯ ಹುಟ್ಟಿದ್ದನ್ನು ನಾನು ಹೇಗೆ ಸಹಿಸಲಿ? ಒಮ್ಮೆ ತಿರುಗುವಾಗ ಸ್ವಲ್ಪ ಓಲಾಡಿದ್ದು ನಿಜ. ಕೂಡಲೇ ಟ್ರಂಕಿನಿಂದ ನನ್ನ ಹಳೆಯ ರಸಮಟ್ಟವನ್ನು ತೆಗೆದು ನೆಲದ ಮೇಲೆ ಇಟ್ಟು, ಅದರೊಳಗಿನ ಗುಳ್ಳೆ ಒಂದು ಕಡೆಗೆ ಸರಿದದ್ದನ್ನು ಮನೆಯವರೆಲ್ಲರಿಗೆ ತೋರಿಸಿದೆ. ಓರೆ ಇದ್ದದ್ದು ನೆಲ, ನಾನಲ್ಲ. ಸೊಸೆ ಶೈಲಾ ಗುಳ್ಳೆಯನ್ನು ಗಂಭೀರವಾಗಿ ನೋಡಿ, "ಹೌದ್ರೀ ಮಾವಾರ, ನೆಲಾನ ಓಲಾಡೇತಿ" ಎಂದಳು. ಆ ಮಾತಿನಲ್ಲಿದ್ದ ಗೌರವ ಎಷ್ಟು, ಉಳಿದದ್ದೆಷ್ಟು ಎಂದು ನಾನು ಇನ್ನೂ ಬೇರ್ಪಡಿಸುತ್ತಿದ್ದೇನೆ.

ಈಗ ಹೊಸ್ತಿಲಿನ ವಿಷಯಕ್ಕೆ ಬರುತ್ತೇನೆ. ಶಿಗ್ಗಾವಿಯ ನಮ್ಮ ಮನೆಯ ತಲೆಬಾಗಿಲಿಗೆ ಒಂದು ಗೇಣಿಗೂ ಮಿಗಿಲಾದ ಎತ್ತರದ ಸಾಗವಾನಿ ಹೊಸ್ತಿಲಿದೆ. ಅದನ್ನು ತುಳಿಯಬಾರದು, ಅದರ ಮೇಲೆ ನಿಲ್ಲಬಾರದು, ಕೂರಬಾರದು, ಅದರ ಮೇಲಿಂದ ಯಾರಿಗೂ ಏನನ್ನೂ ಕೊಡಬಾರದು. ದಾಟಬಹುದು, ಅಷ್ಟೇ. ನನ್ನ ಹೆಂಡತಿ ಗಿರಿಜಾ ಮದುವೆಯಾಗಿ ಬಂದಾಗ ಅಕ್ಕಿ ತುಂಬಿದ ಸೇರನ್ನು ಬಲಗಾಲಿನಿಂದ ತಳ್ಳಿ ಒಳಬಂದದ್ದು ಇದೇ ಹೊಸ್ತಿಲಿನಿಂದ. ಅಂದಿನಿಂದ ಇಂದಿನವರೆಗೆ ಪ್ರತಿದಿನ ಮುಂಜಾನೆ ಅದನ್ನು ತೊಳೆದು, ಅರಿಷಿಣ ಬಳಿದು, ಕುಂಕುಮವಿಟ್ಟು, ಹೂವೇರಿಸಿದ ಮೇಲೆಯೇ ಅವಳು ಚಹಾ ಕುಡಿಯುವುದು. ಮೇಲೆ ಹೇಳಿದ ನಿಯಮಗಳನ್ನು ಒಟ್ಟಿಗೆ ಇಟ್ಟು ವಿಚಾರ ಮಾಡಿದರೆ ಒಂದು ಸಂಗತಿ ಗೊತ್ತಾಗುತ್ತದೆ: ನಮ್ಮ ಹಿರಿಯರು ಪ್ರತಿ ಮನೆಯ ಬಾಗಿಲಿನಲ್ಲಿಯೂ ಒಂದೊಂದು ಕಸರತ್ತಿನ ಸಾಧನವನ್ನು ಹೂತಿಟ್ಟು ಹೋಗಿದ್ದಾರೆ. ಮನೆಯಿಂದ ಹೊರಬೀಳುವವನು ಒಂದು ಕಾಲಿನ ಮೇಲೆ ನಿಂತು, ಇನ್ನೊಂದನ್ನು ಮೊಣಕಾಲಿನ ಮಟ್ಟಕ್ಕೆ ಎತ್ತಿ, ಗಾಳಿಯಲ್ಲಿ ಒಂದು ಕ್ಷಣ ಅತಂತ್ರನಾಗಿ, ಆಚೆಗೆ ಇಳಿಯಲೇಬೇಕು. ಪ್ರಾಯದಲ್ಲಿ ಇದು ಕಾಲಿಗೆ ತಿಳಿಯದೆಯೇ ನಡೆದುಹೋಗುತ್ತದೆ. ಆಮೇಲೆ ಕಾಲು ಪ್ರತಿಸಲವೂ ತಲೆಯ ಅನುಮತಿ ಕೇಳತೊಡಗುತ್ತದೆ.

ಈ ಅನುಮತಿ ಬರುವ ತನಕ ನಾನು ಹೊಸ್ತಿಲ ಮುಂದೆ ತುಸು ನಿಲ್ಲುತ್ತಿದ್ದೆ. ಅಷ್ಟನ್ನೇ ಸವಣೂರಿನ ಚನ್ನಬಸಪ್ಪ ಹಿಡಿದ. ಚನ್ನಬಸಪ್ಪ ನನ್ನ ಹೆಂಡತಿಯ ತಮ್ಮ. ವೀಳ್ಯದೆಲೆಯ ವ್ಯಾಪಾರಿ. ಅಕ್ಕನನ್ನು ನೋಡಲು ಬರುವಾಗ ಒಂದು ಕಟ್ಟು ಎಳೆಯ ಎಲೆ, ಒಂದು ಪೊಟ್ಟಣ ಕುರುಕಲು ಖಾರಾ ತರುತ್ತಾನೆ. ಹೋಗುವಾಗ ನನ್ನ ಮನಶ್ಶಾಂತಿಯನ್ನು ಒಯ್ಯುತ್ತಾನೆ. ಅವನು ಕಟ್ಟೆಯ ಮೇಲೆ ಕುಳಿತು ಎಲೆಗೆ ಸುಣ್ಣ ಸವರುತ್ತಾ, "ಮಾಮಾರ, ನೀವು ಹೊಸ್ತಿಲಾ ದಾಟೂದು ನೋಡಿದ್ರ, ಎತ್ತು ಹಳ್ಳಾ ದಾಟೂ ಮುಂದ ನಿಂತು ವಿಚಾರ ಮಾಡಿದಂಗ ಕಾಣಸ್ತೈತ್ರಿ" ಎಂದ. ಗಿರಿಜಾ ಸೆರಗಿನಲ್ಲಿ ನಕ್ಕಳು. ನಾನು ಇಬ್ಬರ ಹೆಸರಿನಲ್ಲಿಯೂ ಅದನ್ನು ಜಮಾ ಮಾಡಿಕೊಂಡೆ.

ಗಿರಿಜಾಳ ಹೆಸರಿನಲ್ಲಿ ಅದಾಗಲೇ ಇನ್ನೊಂದು ದೊಡ್ಡ ಬಾಬ್ತು ಇತ್ತು. ಕೆಲವು ತಿಂಗಳಿಂದ, ನಾವಿಬ್ಬರೂ ಎಲ್ಲಿಗಾದರೂ ಹೊರಟರೆ, ಅವಳು ನನ್ನನ್ನು ಮುಂದೆ ಬಿಟ್ಟು ಹಿಂದೆ ನಿಲ್ಲುತ್ತಿದ್ದಳು. ನಾನು ಹೊಸ್ತಿಲು ದಾಟುವ ಹೊತ್ತಿಗೆ ಸರಿಯಾಗಿ ಅವಳ ಕೈ ನನ್ನ ಹೆಗಲ ಮೇಲೆ ಬೀಳುತ್ತಿತ್ತು. ಮೃದುವಾಗಿ ಅಲ್ಲ, ಸಾಕಷ್ಟು ಭಾರವಾಗಿ. ನಾಲ್ಕು ಜನರ ಎದುರಿಗೆ ಹೆಂಡತಿ ಗಂಡನನ್ನು ಹೆಗಲು ಹಿಡಿದು ದಾಟಿಸುವುದೆಂದರೇನು! ಮೊಣಕೈ ಹಿಡಿಯುವವರ ಪಂಗಡಕ್ಕೆ ನನ್ನ ಮನೆಯವಳೇ ಸೇರಿಕೊಂಡಳಲ್ಲ ಎಂದು ನನಗೆ ಬಹಳ ಖೇದವಾಗಿತ್ತು. "ನನಗೇನೂ ಆಸರಾ ಬೇಕಾಗಿಲ್ಲ" ಎಂದು ಎಷ್ಟೋ ಸಲ ಹೇಳಿದ್ದೆ. "ಇರಲಿ, ನಡೀರಿ ಸುಮ್ನ" ಎಂಬುದೇ ಅವಳ ಉತ್ತರ.

ಹೀಗಿರಲು ಒಂದು ದಿನ ಶೈಲಾ ಫೋನಿನಲ್ಲಿ ಬಡಿಗೇರ ಮೌನೇಶನೊಡನೆ ಮಾತನಾಡುವುದು ನನ್ನ ಕಿವಿಗೆ ಬಿತ್ತು. "ಹೊಸ್ತಿಲಾ ಇಳಸಬೇಕಾಗೈತ್ರಿ. ಮನ್ಯಾಗ ಹಿರ್ಯಾರು ಅದಾರ, ಕಾಲು ತಾಕತೈತಿ." ನಾನು ಪತ್ರಿಕೆ ಮಡಿಸಿಟ್ಟು ಎದ್ದೆ. ಅದನ್ನು ನಾನು ಮಡಿಸಿಟ್ಟೆನೆಂದರೆ ಪ್ರಸಂಗ ಗಂಭೀರವಾಗಿದೆ ಎಂದು ಮನೆಯವರಿಗೆ ಗೊತ್ತು.

"ಯಾರ ಕಾಲು ತಾಕತೈತಿ?" ಎಂದೆ.

ಶೈಲಾ ಅತ್ತೆಯ ಮುಖ ನೋಡಿದಳು. ಗಿರಿಜಾ ಬೆಳ್ಳುಳ್ಳಿ ಸುಲಿಯುತ್ತಿದ್ದವಳು ತಲೆ ಎತ್ತಲಿಲ್ಲ. ದಿನವೂ ಪೂಜಿಸುವ ಹೊಸ್ತಿಲಿಗೆ ಗರಗಸ ಬೀಳುತ್ತದೆಂಬ ಸಂಕಟದಿಂದ ಅವಳಿಗೆ ಮಾತೇ ಹೊರಡುತ್ತಿಲ್ಲ ಎಂದು ನಾನು ತಿಳಿದೆ. ನನ್ನ ಕಾಲಿನ ನೆವದಿಂದ ಅವಳ ಹೊಸ್ತಿಲನ್ನು ಕೊಯ್ಯುವುದೇ? "ನಾ ಇರೂ ತನಕ ಅದರ ಮ್ಯಾಲೆ ಗರಗಸ ಆಡೂದಿಲ್ಲ" ಎಂದು ಘೋಷಿಸಿದೆ.

"ಹಂಗಾರ ಮಾವಾರ," ಎಂದಳು ಶೈಲಾ, "ಮೌನೇಶಪ್ಪ ಬರೂ ಆಯ್ತವಾರ ಬರ್ತಾನ. ಅವನ ಮುಂದ ನೀವು ಚೌಕಟ್ಟು ಹಿಡೀಲಾರದ, ಹೊಸ್ತಿಲಾ ತುಳೀಲಾರದ ದಾಟಿ ತೋರಸ್ರಿ. ಹೊಸ್ತಿಲಾ ಇದ್ದಂಗ ಇರ್ಲಿ. ಆದ್ರ ಅಲ್ಲೀ ತನಕ ದಿನಾ ನಾ ಹೇಳಿದ ವ್ಯಾಯಾಮ ಮಾಡಬೇಕು."

"ನಿನಗ ಯಾರು ಕಲಿಸ್ಯಾರ ವ್ಯಾಯಾಮ?"

"ಅತ್ತೀನ್ನ ಮೊಣಕಾಲಿಗೆ ತೋರಸಾಕ ಹುಬ್ಬಳ್ಳಿಗೆ ಕರಕೊಂಡು ಹೋಗಿದ್ನೆಲ್ಲರಿ, ಅಲ್ಲಿ."

ಆ ಮಾತನ್ನು ನಾನು ಕೇಳಿದೆ. ಆದರೆ ಅದರಲ್ಲಿ ನನಗೆ ಅವಮಾನವಾಗುವಂಥದ್ದೇನೂ ಇಲ್ಲದಿದ್ದುದರಿಂದ ನೆನಪಿನಲ್ಲಿ ಇಟ್ಟುಕೊಳ್ಳಲಿಲ್ಲ.

ಮರುದಿನದಿಂದ ಅಡುಗೆಮನೆಯೇ ಗರಡಿಯಾಯಿತು. ಅಡುಗೆ ಕಟ್ಟೆಯನ್ನು ಹಿಡಿದು ಒಂದು ಕಾಲೆತ್ತಿ ನಿಲ್ಲುವುದು ಮೊದಲ ಪಾಠ. "ಹಿಡಕೊಳ್ಳೂದ್ಯಾಕ? ನಾ ಏನ್ ಬೀಳಾಕತ್ತೇನೇನು?" ಎಂದೆ. "ಬೀಳಾಕತ್ತ ಮ್ಯಾಲೆ ಹಿಡಕೊಳ್ಳಾಕ ಏನೂ ಸಿಗೂದಿಲ್ರಿ" ಎಂದಳು ಶೈಲಾ. ನನಗೆ ಜೊತೆ ಕೊಡಲೆಂದು ಗಿರಿಜಾಳೂ ಪಕ್ಕದಲ್ಲಿ ಬಂದು ಕಟ್ಟೆ ಹಿಡಿದು ನಿಂತಳು. ಒಂದು ಕಡೆ ಕುಕ್ಕರು ಸೀಟಿ ಹಾಕುತ್ತಿದೆ. ಇನ್ನೊಂದು ಕಡೆ ನಾವಿಬ್ಬರು, ಹಾನಗಲ್ಲಿನ ಗದ್ದೆಯ ಕೊಕ್ಕರೆಗಳ ಹಾಗೆ. ಕೊಕ್ಕರೆಗಾದರೂ ಮೀನಿನ ಆಸೆ ಇರುತ್ತದೆ. ನಮ್ಮ ಎದುರಿಗೆ ಇದ್ದದ್ದು ಹೆಚ್ಚಿಟ್ಟ ಹೀರೇಕಾಯಿ.

ಒಂಟಿ ಕಾಲಿನ ಮೇಲೆ ನಿಲ್ಲುವುದು ಕಾಲಿನ ಕೆಲಸ ಎಂದು ನಾನು ಅದುವರೆಗೆ ನಂಬಿದ್ದೆ. ನಿಂತು ನೋಡಿದರೆ ಗೊತ್ತಾಗುತ್ತದೆ, ಅದು ಇಡೀ ಸಂಸಾರದ ಕೆಲಸ. ಹಿಮ್ಮಡಿ ಒಂದು ಕಡೆಗೆ ಜಗ್ಗುತ್ತದೆ, ಅದನ್ನು ಹೆಬ್ಬೆರಳು ತಡೆಯುತ್ತದೆ. ಸೊಂಟ ತನಗೆ ಸಂಬಂಧವೇ ಇಲ್ಲವೆಂಬಂತೆ ಹೊರಗೆ ಸರಿಯುತ್ತದೆ. ಕೈಗಳು ಕರೆಯದಿದ್ದರೂ ಬಂದು ಗಾಳಿಯಲ್ಲಿ ಈಜುತ್ತವೆ. ನಾಲಗೆಗೆ ಇದರಲ್ಲಿ ಏನು ಕೆಲಸವೋ ಕಾಣೆ, ನನ್ನದು ಹೊರಗೆ ಬಂದು ಬಿಡುತ್ತಿತ್ತು. ಎರಡನೆಯ ಪಾಠ, ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸಿ ಗೆರೆಯ ಮೇಲೆ ನಡೆಯುವುದು. ಇದರಲ್ಲಿ ನಾನು ಬದುವಿನ ಮೇಲಿನ ಅನುಭವಿ ಎಂದು ಮುಂಚೆಯೇ ತಿಳಿಸಿ ಹೊರಟೆ. ಪಡಸಾಲೆಯ ಅರ್ಧಕ್ಕೆ ಹೋಗುವಷ್ಟರಲ್ಲಿ ತೊಲೆಗಂಬವನ್ನು ಅಪ್ಪಿಕೊಂಡಿದ್ದೆ. ಕಂಬಕ್ಕೆ ಗೆದ್ದಲು ಹಿಡಿದಿದೆಯೇ ಎಂದು ಪರೀಕ್ಷಿಸಿದೆ ಎಂದು ಹೇಳಿದೆ. ಮೂರನೆಯದು, ಕೈ ಊರದೆ ಕುರ್ಚಿಯಿಂದ ಏಳುವುದು, ಕೂರುವುದು. ಇದನ್ನು ಶಾಲೆಯಲ್ಲಿ ಬಸ್ಕಿ ಎಂದು ಕರೆದು ತಪ್ಪು ಮಾಡಿದವರಿಗೆ ಕೊಡುತ್ತಿದ್ದರು. ಏನೂ ತಪ್ಪು ಮಾಡದವನಿಗೆ ಈ ವಯಸ್ಸಿನಲ್ಲಿ ಕೊಡುತ್ತಾರೆ.

ದಿನ ಕಳೆದಂತೆ ನನಗೇ ಆಶ್ಚರ್ಯವಾಗುವಂತೆ ಕಾಲು ಮಾತು ಕೇಳತೊಡಗಿತು. ಅದುವರೆಗೆ ಪಾಯಜಾಮಾ ತೊಡುವಾಗ ನಾನು ಕಪಾಟಿಗೆ ಬೆನ್ನು ಕೊಡುತ್ತಿದ್ದೆ; ಕಪಾಟು ಭದ್ರವಾಗಿದೆಯೇ ಎಂದು ನೋಡಲು. ಒಂದು ಮುಂಜಾನೆ ಕಪಾಟಿನ ಸಂಪರ್ಕವಿಲ್ಲದೆ ಎರಡೂ ಕಾಲನ್ನು ಅದರ ಸರಿಯಾದ ಕೊಳವೆಗಳಿಗೇ ಸೇರಿಸಿದೆ. ಹಲ್ಲುಜ್ಜುವಾಗ ಬಚ್ಚಲಿನಾಚೆಯ ಅಂಗಳದಲ್ಲಿ ಒಂದು ಕಾಲಿನ ಮೇಲೆ ನಿಂತು, ಎದುರುಮನೆಯ ಎರಡನೆಯ ಅಳಿಯ ನೋಡಲಿ ಎಂದು ಕಾದೆ. ಗಿರಿಜಾಳ ಪ್ರಗತಿ ಮಾತ್ರ ಅಷ್ಟಕ್ಕಷ್ಟೇ ಇತ್ತು. ಅವಳು ಕಟ್ಟೆಯಿಂದ ಕೈ ಬಿಡುತ್ತಿರಲಿಲ್ಲ. "ಕೈ ಬಿಡು, ನನ್ನ ನೋಡಿ ಕಲಿ" ಎಂದು ನಾನು ಉತ್ತೇಜನ ಕೊಡುತ್ತಿದ್ದೆ. "ಕಲೀತೇನಿ ಬಿಡ್ರಿ, ನಿಮ್ಮಂಗ ನಾಲಗಿ ಹೊರಗ ಹಾಕೂದು ಜರಾ ವ್ಯಾಳ್ಯಾ ಹತ್ತತೈತಿ" ಎನ್ನುತ್ತಿದ್ದಳು.

ಆದಿತ್ಯವಾರ ಬಂತು. ಮೌನೇಶ ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡು, ಗರಗಸದ ಚೀಲವನ್ನು ಕಟ್ಟೆಗಿಟ್ಟು ನಿಂತ. ಸುದ್ದಿ ಸವಣೂರನ್ನು ಹೇಗೆ ಮುಟ್ಟಿತೋ, ಚನ್ನಬಸಪ್ಪನೂ ಎಲೆಯ ಕಟ್ಟಿನೊಂದಿಗೆ ಹಾಜರಾಗಿ ಎಲ್ಲಕ್ಕಿಂತ ಒಳ್ಳೆಯ ಜಾಗ ಹಿಡಿದು ಕುಳಿತ. ನಾನು ಸ್ನಾನ ಮಾಡಿ, ವಿಭೂತಿ ಧರಿಸಿ, ಇಸ್ತ್ರಿಯ ಧೋತರ ಉಟ್ಟು ಬಂದೆ. "ಧೋತರ ಕಾಲಾಗ ತೊಡಕತೈತ್ರೀ ಮಾವಾರ" ಎಂದಳು ಶೈಲಾ. ಪಾಯಜಾಮಾದಲ್ಲಿ ಗೆದ್ದ ಗೆಲುವು ಗೆಲುವಲ್ಲ ಎಂದು ಅವಳಿಗೆ ತಿಳಿಸಿದೆ. ಮಗನಿಗೆ ಮೊಬೈಲಿನಲ್ಲಿ ಚಿತ್ರ ತೆಗೆಯಬೇಡವೆಂದು ಹೇಳಿ, ಅವನು ತೆಗೆಯುವುದು ಖಚಿತವಾದ ಮೇಲೆ ಮುಂದುವರಿದೆ.

ಹೊಸ್ತಿಲ ಒಳಬದಿಯಲ್ಲಿ ನಿಂತೆ. ಅಂದಿನ ಅರಿಷಿಣ ಇನ್ನೂ ಹಸಿಯಾಗಿ ಹೊಳೆಯುತ್ತಿತ್ತು. ಎಡಗಾಲನ್ನು ನೆಲಕ್ಕೆ ಒಪ್ಪಿಸಿ, ಬಲಗಾಲನ್ನು ಎತ್ತಿದೆ. ಎತ್ತಿದವನು ಕೂಡಲೇ ಇಳಿಸಲಿಲ್ಲ. ಗಾಳಿಯಲ್ಲಿ ಹಾಗೆಯೇ ಹಿಡಿದು ಚನ್ನಬಸಪ್ಪನ ಕಡೆಗೆ ಒಮ್ಮೆ ನೋಡಿದೆ. ಎಲೆ ಹಿಡಿದು ಬಾಯಿಗೆ ಹೊರಟಿದ್ದ ಅವನ ಕೈ ನಡುದಾರಿಯಲ್ಲಿ ನಿಂತಿತ್ತು. ಬಲಗಾಲು ಆಚೆ ಇಳಿಯಿತು. ಇನ್ನು ಎಡಗಾಲು ಬರಬೇಕು. ಅದನ್ನು ಎತ್ತಿ ನಾನು ಒಂಟಿಯಾಗಿ ನಿಂತ ಆ ಅಮೂಲ್ಯ ಕ್ಷಣದಲ್ಲಿ, ಎಂದಿನ ಹಾಗೆ, ಹಿಂದಿನಿಂದ ಗಿರಿಜಾಳ ಕೈ ಬಂದು ನನ್ನ ಹೆಗಲ ಮೇಲೆ ಬಿತ್ತು.

ಇಷ್ಟು ಜನರ ಎದುರಿಗೆ! ನಾಳೆ ಸವಣೂರಿನ ಎಲೆಪೇಟೆಯಲ್ಲಿ, "ಅಕ್ಕ ಹಿಡಿದಿದ್ದಳು, ಅದಕ್ಕೇ ದಾಟಿದರು" ಎಂಬ ಮಾತು ಹರಡುವುದು ನನಗೆ ಕೇಳಿಸಿಯೇಬಿಟ್ಟಿತು. "ತಗೀ ಕೈ, ನನಗ್ಯಾಕ ಆಸರಾ!" ಎಂದು ಹೆಗಲನ್ನು ಕೊಡವಿ, ಎಡಗಾಲನ್ನು ಆಚೆ ಇಳಿಸಿದೆ. ಗೆದ್ದೆ.

ಹಿಂದೆ ಬಳೆಗಳು ಚೌಕಟ್ಟಿಗೆ ಬಡಿದ ಸದ್ದಾಯಿತು. ತಿರುಗಿ ನೋಡಿದೆ. ನನ್ನ ಹಿಂದೆಯೇ ದಾಟಲು ಹೊರಟಿದ್ದ ಗಿರಿಜಾ ಎರಡೂ ಕೈಗಳಿಂದ ಚೌಕಟ್ಟನ್ನು ಅವುಚಿ ಹಿಡಿದಿದ್ದಳು. ಬಿದ್ದಿರಲಿಲ್ಲ. ಆದರೆ ಅವಳ ಬಲಪಾದ ಹೊಸ್ತಿಲ ಮೇಲೆ, ಅವಳೇ ಹಚ್ಚಿದ ಅರಿಷಿಣದ ಮೇಲೆ, ಅವಳೇ ಇಟ್ಟ ಕುಂಕುಮದ ನಡುವೆ ಊರಿತ್ತು. ಶೈಲಾ ಓಡಿ ಬಂದಳು, ನನ್ನ ಕಡೆಗಲ್ಲ. ಗಿರಿಜಾ ಪಾದ ಹಿಂದೆ ತೆಗೆದುಕೊಂಡು, ಕಷ್ಟದಿಂದ ಬಾಗಿ, ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು. ಅವಳ ಮುಖ ಸಣ್ಣದಾಗಿತ್ತು.

"ಇದು ಮೊದಲನೇ ಸಲ ಅಲ್ಲರಿ," ಎಂದಳು. "ಕಾಲ ಮ್ಯಾಲೆ ಏಳೂದಿಲ್ಲ. ಮುಂಜಾನೆ ಕೈಯಿಂದ ಪೂಜಿ ಮಾಡಿ, ಮಧ್ಯಾಹ್ನ ಕಾಲಿಂದ ತುಳೀಲೇನು? ಅದಕ್ಕ ನಾನ ಶೈಲಾಗ ಹೇಳಿದ್ದೆ, ಬಡಿಗ್ಯಾನ್ನ ಕರಸವಾ ಅಂತ."

ಆಗ ನನಗೆ ಹೆಗಲಿನ ಮೇಲಿನ ಆ ಕೈಯ ಭಾರ ನೆನಪಾಯಿತು. ಅಷ್ಟು ಭಾರ ಯಾಕೆಂದು ನಾನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಅವಳು ನನ್ನನ್ನು ಹಿಡಿಯುತ್ತಿರಲಿಲ್ಲ, ನನ್ನನ್ನು ಹಿಡಿದುಕೊಳ್ಳುತ್ತಿದ್ದಳು. ನಾನು ಅವಮಾನವೆಂದು ಜಮಾ ಮಾಡಿಕೊಂಡಿದ್ದೆಲ್ಲ ಅವಳು ನನ್ನ ಹೆಗಲಿನ ಮೇಲೆ ಇಟ್ಟಿದ್ದ ವಿಶ್ವಾಸ.

"ನನಗ ಒಂದ ಮಾತು ಹೇಳಬಾರದೇನು?" ಎಂದೆ.

"ಹೇಳಿದ್ರ ಏನ್ ಮಾಡ್ತಿದ್ರಿ? ನಾಕು ಮಂದ್ಯಾಗ ನನ್ನ ಮೊಣಕೈ ಹಿಡೀತಿದ್ರಿ. ನಿಮಗೊಬ್ರಿಗೆ ಏನ್ರೀ ಮರ್ಯಾದಿ ಇರೂದು?"

ಅಷ್ಟರಲ್ಲಿ ಮೌನೇಶ ಕೆಮ್ಮಿದ. "ಮತ್ತ ಸಾಹೇಬ್ರ, ನೀವು ಗೆದ್ದೀರಿ. ಮಾತಿನಂಗ ಹೊಸ್ತಿಲಾ ಇದ್ದಂಗ ಇರ್ಲೇನ್ರಿ?" ಎಂದು ಪ್ರಾಮಾಣಿಕವಾಗಿ ಕೇಳಿದ. ಚನ್ನಬಸಪ್ಪ, "ಹೌದ್ ಹೌದ್, ಮಾಮಾರು ಗೆದ್ದಾರ. ಗೆದ್ದವರ ಮಾತು ನಡೀಬೇಕು" ಎಂದು ಎಲೆಯನ್ನು ಕೊನೆಗೂ ಬಾಯಿಗಿಟ್ಟುಕೊಂಡ. ನನ್ನ ಜೀವಮಾನದಲ್ಲಿ ಅವನು ನನ್ನ ಪರವಾಗಿ ಆಡಿದ ಒಂದೇ ಮಾತು ಅದು. ಅದನ್ನೂ ಅಂಥ ಹೊತ್ತಿನಲ್ಲಿ ಆಡಿದ.

ನಾನು ಮೌನೇಶನ ಕಿವಿಯಿಂದ ಪೆನ್ಸಿಲ್ ತೆಗೆದುಕೊಂಡೆ. ಗಿರಿಜಾಳಿಗೆ, "ಕಾಲ ಎಷ್ಟು ಏಳತೈತಿ, ಎತ್ತು" ಎಂದೆ. ಅವಳು ನನ್ನ ಹೆಗಲು ಹಿಡಿದು ಎತ್ತಿದಳು. ಈ ಸಲ ನಾನು ಕೊಡವಲಿಲ್ಲ. ಪಾದ ಎಲ್ಲಿಗೆ ಬಂದಿತೋ ಅದಕ್ಕಿಂತ ಸಾಕಷ್ಟು ಕೆಳಗೆ ಗೆರೆ ಎಳೆದು, ರಸಮಟ್ಟ ತರಿಸಿ, ಗುಳ್ಳೆ ನಡುವೆ ನಿಲ್ಲುವ ತನಕ ತಿದ್ದಿ, ಗರಗಸಕ್ಕೆ ಅಪ್ಪಣೆ ಕೊಟ್ಟೆ. ನಾನು ಇರುವ ತನಕ ಗರಗಸ ಆಡುವುದಿಲ್ಲ ಎಂದು ಘೋಷಿಸಿದವನು ನಾನೇ ಎಂಬುದನ್ನು ಯಾರೂ ಎತ್ತಿ ಆಡಲಿಲ್ಲ. ಆಡಿದ್ದರೆ ನೆನಪಿರುತ್ತಿತ್ತು.

ಕೊಯ್ದು ತೆಗೆದ ಸಾಗವಾನಿ ಪಟ್ಟಿಯನ್ನು ಒಲೆಗೆ ಹಾಕುವಂತಿಲ್ಲ, ಅದು ಪೂಜೆ ಪಡೆದ ಮರ. ಪಡಸಾಲೆಯ ನಡುವೆ ಅಡ್ಡ ಇಟ್ಟಿದ್ದೇವೆ. ದಿನವೂ ಮುಂಜಾನೆ ಚಹಾದ ಮೊದಲು ನಾವಿಬ್ಬರೂ ಅದನ್ನು ದಾಟುತ್ತೇವೆ. ಆಚೆ ಒಮ್ಮೆ, ಈಚೆ ಒಮ್ಮೆ. ನಾನು ಮುಂದೆ, ಅವಳು ಹಿಂದೆ, ಅವಳ ಕೈ ನನ್ನ ಹೆಗಲ ಮೇಲೆ. ಒಂಟಿ ಕಾಲಿನಲ್ಲಿ ನಿಲ್ಲುವುದಕ್ಕಿಂತ ಕಂಬವಾಗಿ ನಿಲ್ಲುವುದು ಕಠಿಣ ಎಂದು ಈಗ ಬಲ್ಲೆ. ಕಂಬಕ್ಕೆ ಮೂಗು ತುರಿಸಿದರೆ ತುರಿಸಿಕೊಳ್ಳುವಂತಿಲ್ಲ. "ಅಲ್ಲಾಡಬ್ಯಾಡ್ರಿ" ಎಂಬ ಆಜ್ಞೆ ಹಿಂದಿನಿಂದ ಬರುತ್ತದೆ. ಅವಳ ಪಾದ ಇತ್ತೀಚೆಗೆ ಮರವನ್ನು ಸೋಕದೆ ದಾಟುತ್ತದೆ. ದಾಟಿದಾಗಲೆಲ್ಲ ನನ್ನ ಹೆಗಲನ್ನು ಒಮ್ಮೆ ತಟ್ಟುತ್ತಾಳೆ, ಎತ್ತಿಗೆ ತಟ್ಟಿದ ಹಾಗೆ. ಅದನ್ನು ಯಾವ ಬಾಬ್ತಿಗೆ ಸೇರಿಸಬೇಕೆಂದು ನಿರ್ಧಾರವಾಗಿಲ್ಲ.

ಒಂದು ಸಂಗತಿ ಉಳಿಯಿತು. ಹೊಸ ಹೊಸ್ತಿಲಿಗೆ ಅರಿಷಿಣ ಕುಂಕುಮವಾಗಿ, ನಾವಿಬ್ಬರೂ ಮೊದಲ ಸಲ ಅದನ್ನು ದಾಟಿ ಹೊರಟೆವು. ಬಾಗಿಲ ಆಚೆ ಚನ್ನಬಸಪ್ಪ ಕುಳಿತಿದ್ದ. ನಾನು ಎದೆಯೆತ್ತಿ ಹೆಜ್ಜೆ ಹಾಕಿದೆ. ಕಾಲಿಗೆ ಹಳೆಯ ಎತ್ತರವೇ ನೆನಪು. ಅದು ಮೊಣಕಾಲಿನ ತನಕ ಏರಿ, ಇಲ್ಲದ ಮರವನ್ನು ದಾಟಿ, ಅಷ್ಟು ಎತ್ತರದಿಂದ ನೆಲಕ್ಕೆ ಧೊಪ್ಪನೆ ಇಳಿಯಿತು. ಧೋತರ ತೊಡಕಿತು, ನಾನು ಮುಂದಕ್ಕೆ ಬಾಗಿದೆ. ಅಷ್ಟರಲ್ಲಿ ಹೆಗಲಿನ ಮೇಲಿದ್ದ ಕೈ ಗಟ್ಟಿಯಾಗಿ ಬಿಗಿದು ನನ್ನನ್ನು ನೆಟ್ಟಗೆ ನಿಲ್ಲಿಸಿತು.

"ಹಿಡದೇನಿ, ನಡೀರಿ," ಎಂದಳು ಗಿರಿಜಾ, ಮೆಲ್ಲಗೆ, ನನಗೊಬ್ಬನಿಗೇ ಕೇಳುವಂತೆ.

ಯಾರು ಯಾರನ್ನು ಹಿಡಿದದ್ದು ಎಂಬ ಗಡಿಯನ್ನು ನಾನು ಅಳೆಯಲು ಹೋಗಲಿಲ್ಲ. ಹಾಗೆಯೇ ಅವಳ ಕೈಯನ್ನು ಹೆಗಲ ಮೇಲೆಯೇ ಇರಗೊಟ್ಟು ನಾಲ್ಕು ಜನರ ಎದುರಿಗೆ ಪೇಟೆಯ ತನಕ ನಡೆದೆ. ಆದರೆ ಚನ್ನಬಸಪ್ಪ ಆಗ ಎಲೆ ಅಗಿಯುವುದನ್ನು ನಿಲ್ಲಿಸಿ, "ಮಾಮಾರ, ಹಳ್ಳಾ ಬತ್ತಿದ ಮ್ಯಾಲೂ ಎತ್ತು ಜಿಗೀತೈತ್ರಿ" ಎಂದನಲ್ಲ, ಅದು ಮಾತ್ರ ನನಗೆ ನೆನಪಿದೆ.